ಬಾರ್ಸಿಲೋನಾದ ಸಾರುವೆ

ಸೊಹಾರಿನ ಸ್ಮಶಾನದ ಗೇಟಿನಲ್ಲಿ ಸಂಕಪ್ಪನನ್ನು ಆಂಬುಲೆನ್ಸಿನಿಂದ ಇಳಿಸಿ ಚಟ್ಟದ ಎಡಗೊನೆಗೆ ಹೆಗಲು ಕೊಡುವಾಗಲೂ ಸುಕೇಶನ ತಲೆಯಲ್ಲಿದ್ದದ್ದು ಕೊಲ್ಲಿ ದೇಶದ ಅಲ್ ಹೈಲಿನಲ್ಲಿ ನೆಲೆಸಿದ ತುಳುವರನ್ನು ಒಂಬತ್ತು ವರ್ಷದಿಂದ ಇಬ್ಭಾಗ ಮಾಡಿದ್ದ ಆ ಗಹನ ಪ್ರಶ್ನೆಯೇ. ಎಣ್ಣೆಯ ದರ, ವೀಸಾದ ಕಾನೂನು ಎಲ್ಲ ಅದರ ಮುಂದೆ ಕ್ಷುಲ್ಲಕ. ಸಂಕಪ್ಪ ಬಾರ್ಸಿಲೋನಾದ ಮುಗಿಯದ ಇಗರ್ಜಿಯನ್ನು ನಿಜಕ್ಕೂ ನೋಡಿದ್ದನೇ, ಇಲ್ಲವೇ?

ಬಲಗೊನೆ ಜೋಸ್ಟನ್‌ನದು. ಸಂಕಪ್ಪ, ಸುಕೇಶ ಇಬ್ಬರೂ ಇದ್ದ ಕಂಪನಿಯಲ್ಲೇ ಡ್ರೈವರ್, ಸಂಕಪ್ಪನನ್ನು ನಂಬಿದವರ ಪಂಗಡ.

"ಇವತ್ತಾದ್ರೂ ಬಿಡು ಮಾರಾಯ," ಅಂದ.

"ನಾನೇನು ಹೇಳಿದೆ ಈಗ?"

"ಹೇಳ್ಬೇಕಾ? ನಿನ್ನ ಮುಖವೇ ಗೇಟ್ ಪಾಸ್ ಕೇಳ್ತಾ ಉಂಟು."

ಸುಕೇಶ ಮಬೇಲಾದ ಯಾರ್ಡಿನಲ್ಲಿ ಸ್ಟೋರ್ ಕೀಪರ್. ಕಣ್ಣಾರೆ ಕಾಣದ ಮಾಲಿಗೆ ಸಹಿ ಹಾಕಿದವನಲ್ಲ.

*

ಸಂಕಪ್ಪ ಸಾರುವೆ ಕಟ್ಟಿಸುವ ಫೋರ್ಮನ್. ಇಬ್ರಿಯಿಂದ ಸೀಬಿನವರೆಗೆ ಎಷ್ಟೋ ಕಟ್ಟಡಗಳಿಗೆ ಕಬ್ಬಿಣದ ಪೈಪು ಸುತ್ತಿಸಿ, ಕಟ್ಟಡ ಎದ್ದು ನಿಂತ ಮೇಲೆ ಬಿಚ್ಚಿಸಿದವನು. ಅವನ ಕೈಕೆಲಸ ಎಲ್ಲಿಯೂ ಉಳಿದಿರಲಿಲ್ಲ. ಒಂಬತ್ತು ವರ್ಷದ ಹಿಂದೆ ರಜೆ ಮುಗಿಸಿ ಬಂದವನು ಸುಕೇಶನ ಮನೆಯಲ್ಲಿ ಶುಕ್ರವಾರದ ಊಟಕ್ಕೆ ಕೂತು, ಕೋರಿರೊಟ್ಟಿ ಮುರಿಯುತ್ತ ಸುದ್ದಿ ಬಿಟ್ಟ.

"ಈ ಸಲ ಊರಿಗಲ್ಲ ಹೋದದ್ದು, ಬಾರ್ಸಿಲೋನಾಕ್ಕೆ. ಅಲ್ಲೊಂದು ಇಗರ್ಜಿ ಉಂಟು. ಸಾವಿರದ ಎಂಟುನೂರ ಎಂಬತ್ತೆರಡರಲ್ಲಿ ಶುರು ಮಾಡಿದ್ದು, ಇನ್ನೂ ಕಟ್ತಾ ಇದ್ದಾರೆ. ಇಂಜಿನಿಯರ್ ಟ್ರಾಮ್ ಬಡಿದು ಸತ್ತ. ಅದರ ನೆಲಮಾಳಿಗೆಯಲ್ಲೇ ಹೂತಿದ್ದಾರೆ. ಯಾವಾಗ ಮುಗೀತದೆ ಕೇಳಿದ್ರೆ, ನನ್ನ ಧನಿಗೆ ಅವಸರ ಇಲ್ಲ ಅಂತಿದ್ದನಂತೆ."

"ಧನಿ ಯಾರು?"

"ದೇವರು."

"ವೀಸಾ ಕೊಡ್ಲಿಕ್ಕೆ ಅಂಥ ಕಫೀಲ್ ನಮಗೆ ಸಿಕ್ಕಲಿಲ್ಲ ನೋಡಿ," ಅಂದ ಜೋಸ್ಟನ್.

ಸಂಕಪ್ಪ ಮೊಬೈಲಿನಲ್ಲಿ ತೋರಿಸಿದ ಫೋಟೋ ಹದಿನೇಳಿದ್ದವು. ಹದಿನೇಳರಲ್ಲೂ ಪೈಪು, ಕ್ಲಾಂಪು, ಹಲಗೆ. ಗೋಪುರ ಹೋಗಲಿ, ಒಂದು ಶಿಲುಬೆಯೂ ಇಲ್ಲ.

ಸುಕೇಶ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. "ಸಂಕಪ್ಪಣ್ಣ, ಇದು ನಮ್ಮ ಇಬ್ರಿ ಸೈಟು. ಈ ಪೈಪು ನಾನೇ ಲೋಡ್ ಮಾಡಿಸಿದ್ದು."

ಮನೆಯೇ ನಕ್ಕಿತು. ಸಂಕಪ್ಪ ಕೈ ತೊಳೆದು ಎದ್ದುಹೋದ. ಅಂದಿನಿಂದ ಇಬ್ಬರಿಗೂ ಯಾರ್ಡಿನ ಮಾಲಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

*

ಊರಿನಲ್ಲಾದರೆ ಹೆಂಗಸರು ಸ್ಮಶಾನಕ್ಕೆ ಬರುವುದಿಲ್ಲ. ಇಲ್ಲಿ ಅದನ್ನು ಹೇಳುವಷ್ಟು ಹಿರಿಯರಿಲ್ಲ. ಸಂಕಪ್ಪನ ಹೆಂಡತಿ ಸುಂದರಿ ಗೋಡೆಯ ನೆರಳಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಮಗ ವಿಶಾಲ್. ಚಿತೆಯ ಮೇಲೆ ಕಟ್ಟಿಗೆ ಏರುತ್ತಿತ್ತು. ಸಂಕಪ್ಪ ಸುಳ್ಳನೆಂದಾದರೆ ಈ ಒಂಬತ್ತು ವರ್ಷಕ್ಕೆ ಒಂದು ಲೆಕ್ಕವಿತ್ತು. ಅಲ್ಲವಾದರೆ ಸುಕೇಶ ಇದ್ದೊಬ್ಬ ಗೆಳೆಯನನ್ನು ಒಂದು ನಗೆಗೆ ಕಳೆದುಕೊಂಡಿದ್ದ. ಬೆಂಕಿ ಹತ್ತುವ ಮೊದಲು ಅದು ತಿಳಿಯಬೇಕಿತ್ತು.

"ಸುಂದರಕ್ಕ, ಒಂದು ಕೇಳ್ಲಾ?"

"ಕೇಳಿ ಸುಕೇಶಣ್ಣ. ಒಂಬತ್ತು ವರ್ಷ ಆಯ್ತಲ್ಲ."

"ಸಂಕಪ್ಪಣ್ಣ ಅಲ್ಲಿಗೆ..."

"ನಾನೂ ಹೋಗಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ದು? ನೀವೆಲ್ಲ ನಗುವಾಗ ನಾನು ನಿಮ್ಮದೇ ಅಡುಗೆಮನೆಯಲ್ಲಿದ್ದೆ. ಮನೆಗೆ ಬಂದ ಮೇಲೆ ಇವರು, ಸುಕೇಶ ಬಂದು ಕೇಳ್ಲಿ, ಅಷ್ಟರವರೆಗೆ ಬಾಯಿ ಬಿಡ್ಬೇಡ ಅಂದ್ರು. ನೀವು ಬರ್ಲೇ ಇಲ್ಲ."

ಗಂಡನ ಪರ ಹೆಂಡತಿಯ ಸಾಕ್ಷಿ. ಸುಕೇಶ ಅದನ್ನು ಅರ್ಧಕ್ಕಿಳಿಸಿದ.

ವಿಶಾಲ್ ಮೊಬೈಲ್ ಚಾಚಿದ. "ಅಂಕಲ್, ಇದು ಫುಲ್ ಫೋಟೋ. ಆಗ ಪಪ್ಪ ಕ್ರಾಪ್ ಮಾಡಿ ತೋರಿಸಿದ್ದು. ಟವರ್ ಬಂದ್ರೆ ಕ್ಲಾಂಪ್ ಸಣ್ಣ ಕಾಣ್ತದೆ ಅಂತ."

ಪುರೋಹಿತರು ಕರೆದರು. ವಿಶಾಲ್ ಮೊಬೈಲನ್ನು ಸುಕೇಶನ ಕೈಯಲ್ಲೇ ಬಿಟ್ಟು ಹೋದ.

ಅದೇ ಪೈಪು, ಅದೇ ಹಲಗೆ. ಸುತ್ತ, ಚೌಕಟ್ಟಿಗೆ ಹಿಡಿಯದಷ್ಟು ಎತ್ತರದ ಕಲ್ಲಿನ ಗೋಪುರಗಳು. ಮೊಬೈಲಿನಲ್ಲಿ ಏನು ಬೇಕಾದರೂ ಅಂಟಿಸಬಹುದು. ಸುಕೇಶ ಹಿಗ್ಗಿಸಿದ. ಅಂಚು ನೋಡಿದ. ನೆರಳು ಒಂದೇ ಕಡೆ ಬಿದ್ದಿದೆಯೋ ನೋಡಿದ.

"ಕಡೆಯ ನೀರು ಬಿಡುವವರು ಬನ್ನಿ," ಪುರೋಹಿತರು ಕೂಗಿದರು.

"ಸುಕೇಶಾ, ಬಾ," ಜೋಸ್ಟನ್ ಕರೆದ.

"ಒಂದು ನಿಮಿಷ."

ಫೋಟೋದ ಮೂಲೆಯಲ್ಲಿ ಸುಂದರಿ ಇದ್ದಳು. ಮಂಕಿ ಕ್ಯಾಪು, ಗಂಡನ ಸ್ವೆಟರು, ಕೆಂಪು ಮೂಗು. ಇಡೀ ಇಗರ್ಜಿಗೆ ಬೆನ್ನು ಹಾಕಿ ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಳು.

"ಆಚೆ ಸರಿ, ಪೈಪಿಗೆ ಅಡ್ಡ ಬರ್ತಿ ಅಂದ್ರು ಇವರು," ಅಂದಳು ಸುಂದರಿ.

ಸುಳ್ಳು ಫೋಟೋದಲ್ಲಿ ಹೆಂಡತಿಗೆ ಇಂಥ ಮುಖವನ್ನು ಯಾವ ಗಂಡನೂ ಅಂಟಿಸುವುದಿಲ್ಲ.

ಸುಕೇಶ ತಲೆಯೆತ್ತಿದಾಗ ಚಿತೆಯ ಹತ್ತಿರ ನೀರಿನ ತಂಬಿಗೆಯನ್ನು ಬೋರಲು ಹಾಕಿದ್ದರು. ಇಬ್ಬರು ಕೊನೆಯ ಕೊರಡನ್ನು ಎತ್ತಿ ಸಂಕಪ್ಪನ ಮುಖದ ಮೇಲೆ ಅಡ್ಡ ಇಟ್ಟರು.

ಸಂಕಪ್ಪ ಬಾರ್ಸಿಲೋನಾಕ್ಕೆ ಹೋಗಿ ಬಂದಿದ್ದ.