ದಫೇದಾರ ಓಬಳಯ್ಯನ ಭಾನುವಾರಗಳು

ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಒಂದು ಹನಿ, ಇನ್ನೊಂದು ಹನಿ, ಅವನು ಒರೆಸಿಕೊಳ್ಳುವುದಿಲ್ಲ, ಒರೆಸಿಕೊಳ್ಳಬೇಕಾದರೆ ಕೈ ಜೇಬಿನಿಂದ ಹೊರಗೆ ಬರಬೇಕು, ಹೊರಗೆ ಬಂದರೆ ಅದು ನಡುಗುತ್ತಿರುವುದು ಎದುರು ಕೂತವನಿಗೆ ಕಂಡುಬಿಡುತ್ತದೆ — ಅಬ್ಬಾ, ಎಷ್ಟು ಗೊತ್ತು ಈ ಪಿಕ್ಚರು ತೆಗೆದವರಿಗೆ, ಇಟಲಿಯವರಂತೆ, ನಾನು ಚೇಳೂರಿನಲ್ಲಿ ಚಡ್ಡಿ ಹಾಕಿಕೊಂಡು ಎಮ್ಮೆ ಕಾಯುತ್ತಿದ್ದ ಕಾಲದ ಪಿಕ್ಚರಂತೆ, ತುಮಕೂರು ಅನ್ನುವ ಊರು ಇದೆಯೆಂದೇ ಕೇಳಿರದವರು, ಆದರೂ ಮೂವತ್ತೈದು ವರ್ಷ ಪೊಲೀಸು ಕೆಲಸ ಮಾಡಿದ ನನಗೆ ಗೊತ್ತಿರುವುದು ಅವರಿಗೆ ಗೊತ್ತು, ತಪ್ಪು ಮಾಡಿದವನ ಮುಖ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ. ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯಲ್ಲಿ ಒಂದು ತೂತು, ಅದರಿಂದ ಹತ್ತೂವರೆ ಗಂಟೆಯ ಬಿಸಿಲು ಕೋಲಿನ ಹಾಗೆ ಒಳಗೆ ಬಿದ್ದಿದೆ, ಕೆಳಗಿನ ಪ್ರೆಸ್ಸಿಗೆ ಇವತ್ತು ರಜ, ಮಸಿಯ ವಾಸನೆಗೆ ಮಾತ್ರ ರಜ ಇಲ್ಲ. ಹನ್ನೊಂದು ಕುರ್ಚಿ, ಒಂಬತ್ತು ಜನ, ಗೋಡೆಯ ಮೇಲೆ ಬಿಳಿ ಪಂಚೆ, ಅದರ ಮೇಲೆ ಇಟಲಿಯ ಮಳೆ. ಪಕ್ಕದಲ್ಲಿ ಮಲ್ಲಿಕಾರ್ಜುನ್ ಮೇಷ್ಟ್ರು ರಿಮೋಟ್ ಹಿಡಿದು ಕೂತಿದ್ದಾರೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವರು, ಪ್ರತಿ ಭಾನುವಾರ ಗುಬ್ಬಿಯಿಂದ ಡಿವಿಡಿಯನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಾರೆ. ಬೆಳಿಗ್ಗೆ ನರಸಿಂಹಮ್ಮ ಎಂದಿನಂತೆ ಅಂದಳು, ಯಾವುದೋ ದೇಶದ ಕೊಲೆ ನೋಡಕ್ಕೆ ತಲೆಗೆ ಸ್ನಾನ ಮಾಡ್ಕೊಂಡು ಹೊಂಟವ್ರೆ, ದೇವಸ್ಥಾನಕ್ಕೆ ಹೋದಂಗೆ. ಏಳು ವರ್ಷದಿಂದ ಅನ್ನುತ್ತಾಳೆ, ಏಳು ವರ್ಷದಿಂದ ಅಂಗಿಗೆ ಇಸ್ತ್ರಿ ಹಾಕಿಕೊಡುವವಳೂ ಅವಳೇ.

ಮೊದಲ ಸಲ ಮಾತ್ರ ನಾನು ಇಸ್ತ್ರಿ ಅಂಗಿಯಲ್ಲಿ ಬಂದಿರಲಿಲ್ಲ, ಯೂನಿಫಾರಂನಲ್ಲಿ, ಲಾಠಿ ಹಿಡಿದು, ರೈಡ್ ಮಾಡಲು ಬಂದಿದ್ದೆ — ತೊಂಬತ್ತೆಂಟನೇ ಇಸವಿ, ಯಾರೋ ಮೂಕರ್ಜಿ ಹಾಕಿದ್ದರು, ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಮಹಡಿಯಲ್ಲಿ ಗಂಡಸರು ಹೆಂಗಸರು ಕತ್ತಲೆ ಮಾಡಿಕೊಂಡು ನೋಡಬಾರದ ಪಿಕ್ಚರ್ ನೋಡುತ್ತಾರೆ ಅಂತ. ಜೊತೆಗೆ ಪೇದೆ ಸಿದ್ದಗಂಗಯ್ಯ. ಬಾಗಿಲನ್ನು ಒದ್ದೆ, ಅದಕ್ಕೆ ಚಿಲಕವೇ ಹಾಕಿರಲಿಲ್ಲ, ಒದ್ದ ರಭಸಕ್ಕೆ ನಾನೇ ಒಳಗೆ ಮುಗ್ಗರಿಸಿದೆ, ಯಾರೂ ತಿರುಗಿ ನೋಡಲಿಲ್ಲ, ಎಲ್ಲರ ಕಣ್ಣೂ ಟಿವಿಯ ಮೇಲೆ, ಅಲ್ಲಿ ಒಬ್ಬಳು ಫ್ರಾನ್ಸಿನ ಹೆಂಗಸು ಕೊಡೆಯನ್ನು ಬಿಡಿಸಿ ಬಾಗಿಲ ಮೂಲೆಯಲ್ಲಿ ಇಡುತ್ತಿದ್ದಳು, ಅಷ್ಟೇ. ಸಿದ್ದಗಂಗಯ್ಯ ಕಿವಿಯಲ್ಲಿ ಪಿಸುಗುಟ್ಟಿದ, ಸಾ, ಎಲ್ರೂ ಬಟ್ಟೆ ಹಾಕ್ಕಂಡವ್ರೆ. ಇರ್ಲಾ ಸುಮ್ಕೆ, ಮುಂದೆ ಏನಾಯ್ತದೋ ನೋಡನ ಅಂದೆ, ಗೋಡೆಗೆ ಒರಗಿ ನಿಂತೆ, ಮುಂದೆ ಏನಾಯಿತೆಂದರೆ ಒಬ್ಬ ಇನ್‌ಸ್ಪೆಕ್ಟರ್ ಬಂದ, ಪಕ್ಕದ ಕೋಣೆಯಲ್ಲಿ ಅವಳ ಗಂಡ ಸತ್ತು ಬಿದ್ದಿದ್ದ, ಇನ್‌ಸ್ಪೆಕ್ಟರ್ ಬಹಳ ಮರ್ಯಾದೆಯಿಂದ ಏನೋ ಕೇಳಿದ, ಅವಳು ಇಲ್ಲ ಅನ್ನುವಂತೆ ತಲೆ ಆಡಿಸಿದಳು, ಹೊರಗೆ ಹೋಗಿರಲೇ ಇಲ್ಲ ಅಂತಾಳೆ ಅಂತ ಮೇಷ್ಟ್ರು ಎಲ್ಲರಿಗೂ ಕನ್ನಡದಲ್ಲಿ ಹೇಳಿದರು, ನನಗೆ ತಡೆಯಲಾಗಲಿಲ್ಲ, ಸುಳ್ಳು, ಕೊಡೆ ಒದ್ದೆ ಐತೆ ನೋಡ್ರಿ ಅಂತ ಜೋರಾಗಿ ಅಂದುಬಿಟ್ಟೆ. ಆಗ ತಿರುಗಿದರು ಎಲ್ಲರೂ. ಲಾಠಿ ನೋಡಿದರು. ಮೇಷ್ಟ್ರು ಮಾತ್ರ ಒಂದಿಷ್ಟೂ ಹೆದರಲಿಲ್ಲ, ಇನ್‌ಸ್ಪೆಕ್ಟರಿಗೆ ಇನ್ನೂ ಗೊತ್ತಾಗಿಲ್ಲ ದಫೇದಾರ್ರೆ, ಸ್ವಲ್ಪ ತಾಳಿ, ಅಲ್ಲೊಂದು ಕುರ್ಚಿ ಖಾಲಿ ಇದೆ ಅಂದರು. ಕೂತೆ. ಸ್ಟೇಷನ್ನಿಗೆ ಹೋಗಿ ಬರೆದೆ, ಆಕ್ಷೇಪಾರ್ಹವಾದದ್ದು ಏನೂ ಕಂಡುಬರಲಿಲ್ಲ. ಮುಂದಿನ ಭಾನುವಾರ ಪಂಚೆ ಉಟ್ಟುಕೊಂಡು ಬಂದೆ.

ಆಮೇಲೆ ಎಷ್ಟು ದೇಶ, ಎಷ್ಟು ಊರು, ನಾನು ಬೆಂಗಳೂರು ದಾಟಿದವನಲ್ಲ, ಆದರೆ ಜಪಾನಿನ ಒಂದು ದೋಣಿಕಟ್ಟೆ ನನಗೆ ಗೊತ್ತು, ಅಲ್ಲಿ ಮುದುಕ ಪೊಲೀಸಿನವನೊಬ್ಬ ಕೊಲೆಗಾರ ಬರುತ್ತಾನೆಂದು ಮೂರು ದಿನ ಕಾಯುತ್ತಾನೆ, ತಣ್ಣನೆ ಅನ್ನ ತಿನ್ನುತ್ತಾನೆ, ನೊಣ ಓಡಿಸುತ್ತಾನೆ, ಅರ್ಧ ಗಂಟೆ ಪರದೆಯ ಮೇಲೆ ಏನೂ ನಡೆಯುವುದಿಲ್ಲ, ಪಕ್ಕದವರು ಆಕಳಿಸಿದರು, ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದರೆ ಕಾಯುವುದೇ ನಮ್ಮ ಕೆಲಸ, ಅದನ್ನು ಯಾವ ಪಿಕ್ಚರಿನವನೂ ತೋರಿಸಿರಲಿಲ್ಲ, ನಮ್ಮ ಟಾಕೀಸುಗಳಲ್ಲಿ ಪೊಲೀಸರು ಬರುವುದು ಎಲ್ಲ ಮುಗಿದ ಮೇಲೆ. ಅಮೆರಿಕದ ಒಂದರಲ್ಲಿ ಟೆಲಿಫೋನ್ ಕಚೇರಿಯ ಹುಡುಗಿ ಬರಿಯ ಕೆಮ್ಮಿನಿಂದ ಕೊಲೆಗಾರನನ್ನು ಗುರುತಿಸುತ್ತಾಳೆ, ಅವಳ ಮುಖದ ಅರ್ಧ ಬೆಳಕಿನಲ್ಲಿ, ಅರ್ಧ ಕತ್ತಲೆಯಲ್ಲಿ, ಕತ್ತಲೆಯಲ್ಲಿರುವ ಅರ್ಧಕ್ಕೆ ಆಗಲೇ ಗೊತ್ತಾಗಿದೆ, ಬೆಳಕಿನಲ್ಲಿರುವ ಅರ್ಧ ಇನ್ನೂ ನಗುತ್ತಿದೆ — ಹೇಗೆ ಮಾಡಿದರು ಮೇಷ್ಟ್ರೆ ಇದನ್ನ ಅಂತ ಕೇಳಿದೆ, ಒಂದೇ ದೀಪ ಓಬಳಯ್ಯನೋರೆ, ಎಲ್ಲಿ ಇಡಬೇಕು ಅನ್ನೋದು ಗೊತ್ತಿತ್ತು ಅವರಿಗೆ, ಅಷ್ಟೆ ಅಂದರು. ಒಂದೇ ದೀಪ. ನಮ್ಮ ಸ್ಟೇಷನ್ನಿನಲ್ಲೂ ಒಂದೇ ದೀಪ ಇತ್ತು, ಅದು ಯಾವಾಗಲೂ ಹಿಡಿದು ತಂದವನ ಮುಖದ ಮೇಲೆ, ನಮ್ಮ ಮುಖದ ಮೇಲೆ ಯಾರೂ ಹಾಕಲಿಲ್ಲ. ಈ ಪಿಕ್ಚರಿನವರು ಅದನ್ನು ತಿರುಗಿಸುತ್ತಾರೆ, ಅದಕ್ಕೇ ಇವರ ಮೇಲೆ ನನಗೆ ಇಷ್ಟು ಗೌರವ, ಕೊಂದವನನ್ನು ಹುಡುಕುತ್ತಾ ಹುಡುಕುತ್ತಾ ಹುಡುಕುವವನ ಮುಖದ ಮೇಲೆ ಬಂದು ನಿಲ್ಲುತ್ತಾರೆ, ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ, ನಿಲ್ಲುತ್ತಾರೆ.

ಹೋದ ತಿಂಗಳು ಹಾಗೇ ನಿಂತರು, ಹಂಗೇರಿಯವರು, ಆ ದೇಶ ಎಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅದರಲ್ಲೂ ಒಬ್ಬ ದಫೇದಾರ, ಒಳ್ಳೆಯವನು, ಮನೆಯಲ್ಲಿ ಕಾಯಿಲೆಯ ಹೆಂಡತಿಗೆ ತಾನೇ ಗಂಜಿ ಕಾಯಿಸುತ್ತಾನೆ, ಸ್ಟೇಷನ್ನಿಗೆ ಬರುತ್ತಾನೆ, ಒಬ್ಬನನ್ನು ಕರೆದುಕೊಂಡು ಒಳಗಿನ ಕೋಣೆಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಈಗ ಹೊಡೆಯುವುದನ್ನು ತೋರಿಸುತ್ತಾರೆ ಅಂದುಕೊಂಡೆ, ತೋರಿಸಲಿಲ್ಲ, ಒಂದು ಏಟನ್ನೂ ತೋರಿಸಲಿಲ್ಲ, ಮುಚ್ಚಿದ ಬಾಗಿಲು, ಆಮೇಲೆ ನಲ್ಲಿಯ ಕೆಳಗೆ ಅವನ ಕೈಗಳು, ಸೋಪು ಹಚ್ಚುತ್ತಾನೆ, ನಿಧಾನವಾಗಿ, ಒಂದೊಂದೇ ಬೆರಳನ್ನು ಟವೆಲ್ಲಿನಲ್ಲಿ ಒರೆಸುತ್ತಾನೆ, ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಳ್ಳುತ್ತಾನೆ — ಆ ಸೋಪು ನನ್ನದು, ಕೆಂಪು ಸೋಪು, ತೊಂಬತ್ತೊಂದನೇ ಇಸವಿ, ಆಗ ನಾನು ಬೇರೊಂದು ಸ್ಟೇಷನ್ನಿನಲ್ಲಿದ್ದೆ, ಒಳಗಿನ ಕೋಣೆಯಲ್ಲಿ ಕೆಂಪಯ್ಯ. ಟೈಲರ್ ಕೆಂಪಯ್ಯ. ಸಾಹುಕಾರರ ಮನೆಯಲ್ಲಿ ಮದುವೆ, ರವಿಕೆಗೆ ಅಳತೆ ತಗೊಂಡು ಬರಲು ಹೋಗಿದ್ದ, ಅದೇ ದಿನ ಆ ಮನೆಯ ಎರಡೆಳೆ ಸರ ಕಾಣೆಯಾಯಿತು, ಹೊರಗಿನವರು ಬಂದಿದ್ದು ಅವನೊಬ್ಬನೇ. ನಾನ್ ತಗಂಡಿಲ್ಲ ಸಾ, ನಮ್ಮವ್ವನಾಣೆ ತಗಂಡಿಲ್ಲ. ಎರಡು ದಿನ ಹಾಗೆಯೇ ಅಂದ. ಮೂರನೆಯ ದಿನ ರೂಲುದೊಣ್ಣೆ ತೆಗೆದುಕೊಂಡು ನಾನು ಒಳಗೆ ಹೋದೆ, ಕೈ ಮಡಗ್ಲಾ ಮೇಜಿನ ಮೇಲೆ ಅಂದೆ. ಆಮೇಲೆ ಅವನು ಹೇಳಿದ, ಹೂಂ ಸಾ, ನಾನೇ, ಕೆರೆಗೆ ಎಸುದ್ಬುಟ್ಟೆ — ಇಲ್ಲದ ಸರಕ್ಕೆ ಪಾಪ ಒಂದು ಜಾಗ ಹುಡುಕಬೇಕಿತ್ತಲ್ಲ ಅವನು. ಹೇಳಿಕೆಯನ್ನು ನಾನೇ ಬರೆದೆ, ನನ್ನ ಅಕ್ಷರ ದುಂಡಗೆ, ಸಾಹೇಬರು ಹೊಗಳುತ್ತಿದ್ದರು. ಕೆರೆಯಲ್ಲಿ ಹುಡುಕಿಸಿದರು, ಕೆಂಪಯ್ಯ ಜೈಲಿಗೆ ಹೋದ. ಹದಿನೈದು ದಿನಕ್ಕೆ ಸಾಹುಕಾರರ ಮನೆಯಲ್ಲಿ ದಿಂಬು ಬಿಚ್ಚಿ ಹತ್ತಿ ಎಕ್ಕಿಸುವಾಗ ಸರ ಹತ್ತಿಯೊಳಗಿಂದ ಬಿತ್ತು. ಸಾಹುಕಾರರು ಬಂದು ಸಾಹೇಬರ ಎದುರು ಕೂತು ತಗ್ಗಿದ ದನಿಯಲ್ಲಿ ಮಾತಾಡಿದರು, ಮದ್ವೆ ಮನೆ, ನಾಕು ಜನಕ್ಕೆ ಗೊತ್ತಾದ್ರೆ ನಗ್ತಾರೆ ಅಂತ, ಸಾಹೇಬರು ಸಾಕ್ಷಿ ಸಾಲದು ಅಂತ ಕೇಸು ಮುಚ್ಚುವ ಬಿ ರಿಪೋರ್ಟ್ ಬರೆಸಿದರು, ಕೆಂಪಯ್ಯನನ್ನು ಬಿಟ್ಟರು, ಸರ ಸಿಕ್ಕಿತು ಅಂತ ಯಾರೂ ಯಾರಿಗೂ ಹೇಳಲಿಲ್ಲ. ಸಾಕ್ಷಿ ಸಾಲದು ಅಂದರೆ ಊರು ಏನಂದುಕೊಳ್ಳುತ್ತದೆ, ಕದ್ದವ್ನೆ, ಸಿಕ್ಕಾಕ್ಕೊಂಡಿಲ್ಲ ಅಂದುಕೊಳ್ಳುತ್ತದೆ. ಅವನು ಅಂಗಡಿ ಎತ್ತಿ ಹೆಂಡತಿಯ ತವರು ಹುಲಿಯೂರುದುರ್ಗಕ್ಕೆ ಹೋದನಂತೆ ಅನ್ನುವುದೂ ಗೊತ್ತಾಯಿತು, ಅದೂ ಮರೆತುಹೋಯಿತು, ಹಂಗೇರಿಯವನು ಟವೆಲ್ಲು ತೆಗೆದುಕೊಳ್ಳುವವರೆಗೆ.

ಮೂರು ವಾರ ಒದ್ದಾಡಿದೆ. ನರಸಿಂಹಮ್ಮನಿಗೆ ಹೇಳಿದೆ, ಎಲ್ಲವನ್ನೂ, ರೂಲುದೊಣ್ಣೆಯನ್ನೂ, ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು, ಹೋಗಿ ಹೇಳ್ಬನ್ನಿ, ಇಲ್ಲ ಅಂದ್ರೆ ಆ ಪಿಕ್ಚರ್ ನೋಡೋದು ಬುಟ್ಬುಡಿ ಅಂದಳು. ಮೊನ್ನೆ ಗುರುವಾರ ಹೊರಟೆ, ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿದೆ, ಅಲ್ಲೇ ವಾಪಸ್ ಬಂದುಬಿಡೋಣ ಅನ್ನಿಸಿತು, ತುಮಕೂರು ಬಸ್ಸು ಎದುರಿಗೇ ನಿಂತಿತ್ತು, ಹತ್ತಲಿಲ್ಲ, ಹುಲಿಯೂರುದುರ್ಗದ ಬೆಟ್ಟ ಕಂಡಿತು, ಇಳಿದೆ. ಟೈಲರ್ ಕೆಂಪಯ್ಯನ ಅಂಗಡಿ ಎಲ್ಲೈತಮ್ಮ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಕ್ಕೆ ಹೂ ಮಾರುವವಳು ಎದುರಿಗೇ ತೋರಿಸಿದಳು, ಮನೆಯ ಮುಂದಿನ ಕೋಣೆಯೇ ಅಂಗಡಿ, ಕಪ್ಪು ಮಿಷನ್ನು, ಅವನು ಬಗ್ಗಿ ಬಟ್ಟೆ ಕತ್ತರಿಸುತ್ತಿದ್ದ, ಎಡಗೈಯಲ್ಲಿ. ಅವನು ಎಡಚನಲ್ಲ. ಬಲಗೈಯ ಎರಡು ಬೆರಳು ನೆಟ್ಟಗೆ ನಿಂತಿದ್ದವು, ಬಟ್ಟೆಯನ್ನು ಒತ್ತಿ ಹಿಡಿಯಲಷ್ಟೇ ಬರುತ್ತಿದ್ದವು, ಎಡಗೈಯಲ್ಲಿ ಕತ್ತರಿ ಆಡಿಸಲು ಕಲಿತಿದ್ದ, ಎಷ್ಟು ನೀಟಾಗಿ ಹೋಗುತ್ತಿತ್ತು ಕತ್ತರಿ. ಏನ್ ಹೊಲಿಸ್ಬೇಕು ಸಾ ಅಂದ, ತಲೆ ಎತ್ತದೆ. ನನ್ನ ಕೈಯಲ್ಲಿ ಬಟ್ಟೆ ಇರಲಿಲ್ಲ. ಕೆಂಪಯ್ಯ ಅಂದೆ, ಸಾಲದು ಅನ್ನಿಸಿ ಕೆಂಪಯ್ಯನೋರೆ ಅಂದೆ, ನಾನು ಓಬಳಯ್ಯ. ಗೊತ್ತು ಸಾ, ನೀವು ಆ ಹೂವಿನೋಳ್ನ ಕೇಳ್ದಾಗ್ಲೇ ದನಿ ಗೊತ್ತಾಯ್ತು ಅಂದ, ಕತ್ತರಿ ನಿಂತಿತು. ಹೇಳಿದೆ, ನಿಂತುಕೊಂಡೇ ಹೇಳಿದೆ, ಆ ಸರ ದಿಂಬಿನಾಗೆ ಸಿಕ್ತು, ಹದಿನೈದೇ ದಿನಕ್ಕೆ ಸಿಕ್ತು, ನೀವು ತಗಂಡಿರಲಿಲ್ಲ, ನಂಗೆ ಗೊತ್ತಿತ್ತು, ಹದಿನಾಲ್ಕು ವರ್ಷ ಗೊತ್ತಿತ್ತು, ತಪ್ಪಾಯ್ತು. ಬೈಯುತ್ತಾನೆ ಅಂದುಕೊಂಡಿದ್ದೆ, ಕತ್ತರಿ ಎತ್ತಿದರೂ ಎತ್ತಲಿ ಅಂದುಕೊಂಡಿದ್ದೆ. ಅವನು ಅಂದ, ನಾನ್ ತಗಂಡಿಲ್ಲ ಅಂತ ನಂಗೆ ಗೊತ್ತೇ ಇತ್ತಲ್ಲ ಸಾ, ಅದನ್ನ ನಂಗ್ಯಾಕೆ ಹೇಳ್ತೀರಿ, ಅವಳ್ಗೆ ಹೇಳಿ. ಒಳಗೆ ತಿರುಗಿ ಕರೆದ, ರಂಗಮ್ಮ, ಒಸಿ ಬಾರಮ್ಮಿ. ಹೆಂಡತಿ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಯಾರು ಅಂತ ನನ್ನನ್ನು ನೋಡಿದಳು. ಅವನು ನನಗೆ ಹೇಳುತ್ತಿದ್ದ, ಅವಳಿಗೆ ಕೇಳುವ ಹಾಗೆ, ಒಳ್ಳೇವ್ಳು ಸಾ, ನಾನು ಜೈಲಿಂದ ಬಂದಾಗ ಒಂದು ಮಾತು ಕೇಳ್ಳಿಲ್ಲ, ಅನ್ನ ಇಕ್ಕಿದ್ಲು, ಈ ಕೈಗೆ ಎಣ್ಣೆ ತಿಕ್ಕಿದ್ಲು, ಆದ್ರೆ ನೀರಿಗೆ ಹೋದ್ರೂ ಪೆಟ್ಟಿಗೆಗೆ ಬೀಗ ಹಾಕ್ಕಂಡೇ ಹೋಯ್ತಾಳೆ, ಅವತ್ತಿಂದ ಇವತ್ತಿನಗಂಟ. ಅವಳ ಮುಖ ಬಿಳಿಚಿಕೊಂಡಿತು. ನಾನು ಅವಳಿಗೆ ಹೇಳಿದೆ, ಮೊದಲಿಂದ, ಸರ, ದಿಂಬು, ಸಾಹುಕಾರ, ಬಿ ರಿಪೋರ್ಟು, ಕೈ ಮಡಗ್ಲಾ ಅಂದದ್ದು, ಹೇಳಿಕೆ ಬರೆದದ್ದು, ನನ್ನ ದನಿ ಕೋರ್ಟಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿತ್ತು, ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ ಅಂತ ಇನ್ನೂ ಗಟ್ಟಿಯಾಗಿ ಹೇಳಿದೆ. ಅವಳು ಅಳಲಿಲ್ಲ. ನನ್ನನ್ನು ನೋಡಲೂ ಇಲ್ಲ. ಸೊಂಟದಿಂದ —

ಪರದೆಯ ಮೇಲೆ ಮಳೆ ನಿಂತಿದೆ, ಇಟಲಿಯವನು ಕೊನೆಗೂ ಜೇಬಿನಿಂದ ಕೈ ತೆಗೆದ, ನಾನು ನೋಡಬೇಕಿತ್ತು, ಇಡೀ ಪಿಕ್ಚರು ಆ ಕೈಗೋಸ್ಕರವೇ ಕಾದಿತ್ತು, ತಪ್ಪಿಸಿಕೊಂಡೆ, ಮೇಷ್ಟ್ರು ನನ್ನ ಕಡೆ ಬಗ್ಗಿ, ನೋಡಿದ್ರಾ ದಫೇದಾರ್ರೆ ಎಂಥ ಶಾಟ್ ಅದು ಅನ್ನುತ್ತಿದ್ದಾರೆ, ಹೂಂ ಮೇಷ್ಟ್ರೆ, ಎಂಥ ಶಾಟ್, ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈಯನ್ನು ತೆಗೆದಳು, ಸಣ್ಣದು, ಹಿತ್ತಾಳೆಯದು, ಮೈಗೆ ಉಜ್ಜಿ ಉಜ್ಜಿ ಹೊಳಪು ಬಂದದ್ದು, ಮಿಷನ್ನಿನ ಹಲಗೆಯ ಮೇಲೆ ಇಟ್ಟಳು, ಗಂಡನ ಕೈಗೆ ಕೊಡಲಿಲ್ಲ, ಇಟ್ಟಳು, ಒಳಗೆ ಹೋದಳು. ಅವನು ಅದನ್ನು ಮುಟ್ಟಲಿಲ್ಲ. ಊಟ ಮಾಡ್ಕೊಂಡು ಹೋಗಿ ಅಂತಲೂ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ, ನಾನು ಬಸ್ಸು ಹತ್ತಿದೆ, ಕುಣಿಗಲ್ಲು, ತುಮಕೂರು, ಮನೆ, ನರಸಿಂಹಮ್ಮ ಏನಂದ್ರು ಅಂತ ಕೇಳಿದಳು, ಏನೂ ಅನ್ಲಿಲ್ಲ ಅಂದೆ. ಈಗ ಯಾರೋ ಓಡುತ್ತಿದ್ದಾರೆ, ಉದ್ದನೆಯ ನೆರಳು, ಕಲ್ಲು ಹಾಸಿದ ಬೀದಿ, ಬೂಟಿನ ಸದ್ದು, ಎಷ್ಟು ಚೆನ್ನಾಗಿ ತೆಗೆದಿದ್ದಾರೆ, ಯಾವ ದೀಪ ಎಲ್ಲಿ ಇಟ್ಟಿದ್ದಾರೋ ನೋಡಬೇಕು, ನೋಡುತ್ತೇನೆ, ಕಪ್ಪು ಮಿಷನ್ನು, ಅದರ ಹಲಗೆಯ ಮೇಲೆ ಕೀಲಿಕೈ, ಇಲ್ಲ, ಬೀದಿ, ಓಡುವವನು ತಿರುಗಿ ನೋಡುತ್ತಾನೆ, ಅವನ ಮುಖ, ಕೀಲಿಕೈ, ಬಾಗಿಲಿನಿಂದ ಬಂದ ಬೆಳಕು ಅದೊಂದರ ಮೇಲೆ, ಪಕ್ಕದಲ್ಲಿ ಬಗ್ಗದ ಎರಡು ಬೆರಳು, ಮುಟ್ಟದೆ, ಹಿತ್ತಾಳೆಯ ಸಣ್ಣ ಕೀಲಿಕೈ