ಲಾಂಬ್ರೋಸನ ಇಪ್ಪತ್ತು ಬೆಳ್ಳಿ

ನನ್ನ ತಮ್ಮ ಲಾಂಬ್ರೋಸನ ಕೈಯಲ್ಲಿ ದುಡ್ಡು ನಿಂತದ್ದನ್ನು ಈ ಎಪ್ಪತ್ತು ವರ್ಷದಲ್ಲಿ ನಾನಂತೂ ಕಂಡಿರಲಿಲ್ಲ. ಪಿಂಚಣಿ ಬಂದ ದಿನ ನನ್ನ ಕಾಫಿ ಅಂಗಡಿಯಲ್ಲಿ ಕೂತವರಿಗೆಲ್ಲ ತ್ಸಿಪೂರೊ ಸಾರಾಯಿ ಹಾಕಿಸುತ್ತಾನೆ, ಗುರುತು ಪರಿಚಯವಿಲ್ಲದ ಲಾರಿ ಡ್ರೈವರನಿಗೂ. ಅಂಗಡಿ ನನ್ನದಾದ್ದರಿಂದ ನಾನು ತೆಪ್ಪಗಿರುತ್ತೇನೆ. ಅವನ ಹೆಂಡತಿ ವಾಸಿಲೊ ತೆಪ್ಪಗಿರುವವಳಲ್ಲ.

ಹೋದ ವರ್ಷ ಈಸ್ಟರ್ ಕಳೆದ ಮೇಲೆ ಅವರು ಹಿತ್ತಲಿನ ಎರಡು ಅಕ್ರೋಟು ಮರಗಳಲ್ಲಿ ಒಂದನ್ನು ಮರದ ವ್ಯಾಪಾರಿಗೆ ಮಾರಿದರು. ಆ ದುಡ್ಡಿಗೆ ಬೆಳ್ಳಿ ಕೊಳ್ಳುತ್ತೇನೆಂದು ಲಾಂಬ್ರೋಸ್ ಹಟ ಹಿಡಿದ. ದುಡ್ಡು ಕೂಡಿಡಲು ಹೊರಟ ಹೊಸಬರು ಬೆಳ್ಳಿಯಿಂದ ಶುರು ಮಾಡಬೇಕು, ಕೊಂಡು ಮರೆತುಬಿಡಬೇಕು ಎಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ.

"ಮರೆಯೋದು ನಿನಗೆ ಚೆನ್ನಾಗಿ ಬರುತ್ತೆ, ಇಟ್ಕೊಳ್ಳೋದು ಬರಲ್ಲ," ಎಂದಳು ವಾಸಿಲೊ. "ಆಗ್ಲಿ, ಕೊಂಡ್ಕೊ. ಅಕ್ಟೋಬರಿನಲ್ಲಿ ಸಂತ ದಿಮಿತ್ರಿ ಹಬ್ಬದ ದಿನ ನಿಮ್ಮಕ್ಕನ ಎದುರಿಗೇ ಎಣಿಸ್ತೀನಿ. ಪೂರ್ತಿ ಇದ್ರೆ ಇನ್ನೊಂದು ಮರದ ದುಡ್ಡೂ ನಿನ್ನ ಕೈಗೆ. ಒಂದೇ ಒಂದು ಕಮ್ಮಿ ಆಗ್ಲಿ, ನಿನ್ನ ಬ್ಯಾಂಕಿನ ಕಾರ್ಡು ನನ್ನ ಹತ್ರ. ಆಮೇಲೆ ಒಂದು ಕಾಫಿಗೂ ನನ್ನನ್ನೇ ಕೇಳು!"

ಅವತ್ತು ಸಂಜೆ ಅವನು ಅಂಗಡಿಗೆ ಬಂದು, "ಅಕ್ಕಾ, ನನ್ನ ಕೈಯಲ್ಲೂ ಏನಾದ್ರೂ ನಿಲ್ಲುತ್ತೆ ಅಂತ ಒಂದೇ ಒಂದ್ಸಲ ಅವಳಿಗೆ ತೋರಿಸ್ಬೇಕು ಕಣೇ," ಎಂದ. ನಗಬೇಕೆಂದಿದ್ದವಳಿಗೆ ನಗಲಾಗಲಿಲ್ಲ.

ಯಾನಿನಾ ಪೇಟೆಯ ನಾಣ್ಯದಂಗಡಿಯ ಹುಡುಗಿ ಒಳ್ಳೆಯವಳು. ಒಡವೆ ತಗೋಬೇಡಿ, ಅದರಲ್ಲಿ ಮಜೂರಿಗೇ ಅರ್ಧ ಹೋಗುತ್ತದೆ, ಎಲ್ಲರೂ ಬಲ್ಲ ಟಂಕಸಾಲೆಯ ನಾಣ್ಯ ತಗೊಳ್ಳಿ ಎಂದು ಹೇಳಿ ಇಪ್ಪತ್ತು ಕೊಟ್ಟಳು. ಅಂಚು ಮಾತ್ರ ಹಿಡಿಯಬೇಕು, ಉಜ್ಜಬಾರದು, ಮುಖ್ಯವಾಗಿ ಯಾರಿಗೂ ಹೇಳಬಾರದು ಎಂದು ಬುದ್ಧಿಯನ್ನೂ ಹೇಳಿದಳು. ನಮ್ಮವನು ಬಸ್ಸು ಘಾಟಿ ಹತ್ತುವುದರೊಳಗೆ ಒಂದನ್ನು ಡ್ರೈವರನಿಂದ ಹಿಡಿದು ಹಿಂದಿನ ಸೀಟಿನ ತನಕ ಕೈಯಿಂದ ಕೈಗೆ ದಾಟಿಸಿದ್ದ. ಮನೆಗೆ ಬಂದು ಅದನ್ನು ಟೂತ್‌ಪೇಸ್ಟಿನಿಂದ ತಿಕ್ಕಿದ. ಆ ನಾಣ್ಯವನ್ನು ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದ. ಉಳಿದವು ಉಣ್ಣೆಯ ಕಾಲುಚೀಲದೊಳಗೆ ಸೇರಿ ಮದುವೆಯ ಪೆಟ್ಟಿಗೆಯ ತಳಕ್ಕೆ ಹೋದವು.

ಮೇ ತಿಂಗಳಲ್ಲಿ ನಮ್ಮೂರ ಹುಡುಗಿ ಎಲ್ಪಿದಾ ಹೆತ್ತಳು. ಆರು ವರ್ಷದ ಮೇಲೆ ಊರಿನಲ್ಲೊಂದು ತೊಟ್ಟಿಲು! ನಮ್ಮಲ್ಲಿ ಕೂಸನ್ನು ಮೊದಲ ಸಲ ನೋಡಲು ಹೋದವರು ಬೆಳ್ಳಿ ಇಡಬೇಕು. ಈಗ ಯಾರ ಹತ್ತಿರ ಬೆಳ್ಳಿಯಿದೆ? ದಿಂಬಿನ ಕೆಳಗೆ ನೋಟು ತುರುಕಿ ಬೆಳ್ಳಿಯಿಟ್ಟೆವು ಅನ್ನುತ್ತೇವೆ. ಲಾಂಬ್ರೋಸನೂ ಒಂದು ನೋಟು ಮಡಚಿಟ್ಟುಕೊಂಡು ನನ್ನ ಜೊತೆ ಬಂದ. ಆದರೆ ಹೊಗಳಿಸಿಕೊಳ್ಳುವ ಚಪಲ ಕೇಳಬೇಕಲ್ಲ! ಎಲ್ಪಿದಾಳ ಗಂಡನಿಗೆ ತೋರಿಸಲೆಂದು ತೊಟ್ಟಿಲ ಪಕ್ಕದಲ್ಲೇ ಜೇಬಿನಿಂದ ನಾಣ್ಯ ತೆಗೆದ.

"ಅಯ್ಯೋ ನನ್ನವ್ವಾ, ನಿಜವಾದ ಬೆಳ್ಳಿ!" ಎಂದು ಮನೆಯ ಮುದುಕಿ ಸ್ತಮಾತಿಯಾ ಅವನ ಕೈಯಿಂದ ಅದನ್ನು ಕಸಿದು, ಶಿಲುಬೆ ಗುರುತು ಹಾಕಿ, ದಿಂಬಿನ ಕೆಳಗೆ ಸೇರಿಸಿಬಿಟ್ಟಳು. "ನನ್ನ ತೊಟ್ಟಿಲಿಗೆ ಇಟ್ಟಿದ್ರಂತೆ ಕಣಪ್ಪಾ, ಆಮೇಲೆ ಈ ಮನೆ ಬೆಳ್ಳಿ ಕಂಡಿದ್ದು ಇವತ್ತೇ. ನಿನ್ನ ಕೈ ತಣ್ಣಗಿರ್ಲಿ." ಮುದುಕಿ ಅಳುತ್ತಿದ್ದಳು.

ಲಾಂಬ್ರೋಸ್ ಇಂಗು ತಿಂದ ಮಂಗನಂತೆ ನಿಂತ. ಅಷ್ಟರಲ್ಲಿ ಕೂಸು ಅವನ ಬೆರಳು ಹಿಡಿದುಕೊಂಡಿತು. ಅವನಿಗೂ ವಾಸಿಲೊಗೂ ಮಕ್ಕಳಾಗಲಿಲ್ಲ. ಆ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಎತ್ತುವುದಿಲ್ಲ. ದೃಷ್ಟಿಯಾಗದಿರಲೆಂದು ಅವನು ಫ್ತು ಫ್ತು ಫ್ತು ಎಂದು ಮೂರು ಸಲ ಉಗುಳಿದ. ಬೆರಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಅಥೆನ್ಸಿನಿಂದ, ಜರ್ಮನಿಯಿಂದ ಊರಿನವರು ಬೇಸಿಗೆ ಕಳೆಯಲು ಬಂದರು. ಮೂರು ಕೂಸುಗಳು ಬಂದವು. ಒಂದಕ್ಕೆ ಬೆಳ್ಳಿಯಿಟ್ಟವನು ಇನ್ನೊಂದಕ್ಕೆ ಕಾಗದ ಇಡುವುದು ಹೇಗೆ? ಪೆಟ್ಟಿಗೆಯ ಮುಚ್ಚಳ ಮೂರು ಸಲ ತೆರೆಯಿತು. "ಕೂಸುಗಳು ಕೇಳಿದ್ವೇನೋ, ಪೆದ್ದ?" ಎಂದು ನಾನು ಬೈದೆ. ಅವನು ಹಲ್ಲು ಕಿರಿದ.

ಸೆಪ್ಟೆಂಬರಿನಲ್ಲಿ ಭಯ ಹತ್ತಿತು. ತ್ಸಿಪೂರೊ ನಿಂತಿತು, ಸಿಗರೇಟು ನಿಂತಿತು. ಎರಡು ತಿಂಗಳು ಅವನು ನನ್ನ ಅಂಗಡಿಯಲ್ಲಿ ಬರಿಯ ನೀರು ಕುಡಿದ. ನನ್ನ ವ್ಯಾಪಾರಕ್ಕೆ ಬಿದ್ದ ಹೊಡೆತವನ್ನು ಯಾರ ಹತ್ತಿರ ಹೇಳಲಿ? ಬೆಳ್ಳಿಯ ಬೆಲೆ ಬೇರೆ ಏರಿತ್ತು. "ನೋಡಿದ್ಯಾ, ನಾನು ಜಾಣ!" ಎಂದು ಹಿಗ್ಗುವನು, ಅದೇ ಬೆಲೆಗೆ ಈಗ ಕೊಳ್ಳಬೇಕಲ್ಲ ಎಂದು ಮರುಗಳಿಗೆಯಲ್ಲೇ ತಲೆ ಹಿಡಿದುಕೊಳ್ಳುವನು. ಹಬ್ಬಕ್ಕೆ ಮೂರು ದಿನ ಇರುವಾಗ ಯಾನಿನಾಕ್ಕೆ ಹೋಗಿ ನಾಲ್ಕು ನಾಣ್ಯ ತಂದ. ವಾಸಿಲೊ ಕೋಳಿಗೆ ಕಾಳು ಹಾಕಲು ಹೋದ ಸಮಯ ನೋಡಿ ಕಾಲುಚೀಲದೊಳಗೆ ತುರುಕಿದ.

ಹಬ್ಬದ ದಿನ ಚರ್ಚಿನಲ್ಲಿ ಪೂಜೆ ಮುಗಿಸಿ ಅವರ ಮನೆಗೆ ಹೋದೆ. ಎಣಿಸೋಣ ಎಂದು ಅವಸರ ಮಾಡಬೇಕಾದವಳು ವಾಸಿಲೊ. ಅವಳಿಗೆ ಒಲೆಯ ಮೇಲಿನ ಸೊಪ್ಪಿನ ಕಡುಬು ಸೀಯುತ್ತಿತ್ತಂತೆ, ಸೊಂಟ ಹಿಡಿದಿತ್ತಂತೆ.

"ಇವತ್ತು ಬೇಡ ಬಿಡು. ನಿನ್ನ ಮೇಲೆ ನನಗೆ ನಂಬಿಕೆ ಇದೆ," ಎಂದಳು.

"ನಂಬಿಕೇನಾ? ಯಾವತ್ತಿಂದ?" ಲಾಂಬ್ರೋಸ್ ಎದೆಯುಬ್ಬಿಸಿ ಕಾಲುಚೀಲ ತಂದು ಮೇಜಿನ ಮೇಲೆ ಸುರಿದ. "ಎಣಿಸಕ್ಕಾ. ಗಟ್ಟಿಯಾಗಿ ಎಣಿಸು!"

ಎಣಿಸಿದೆ. ಹದಿನೈದು. ಇನ್ನೊಮ್ಮೆ ಎಣಿಸಿದೆ. ಹದಿನೈದೇ. ಲಾಂಬ್ರೋಸನ ಮುಖ ಬಿಳಿಚಿಕೊಂಡಿತು. ವಾಸಿಲೊಳ ಕಣ್ಣು ಅಗಲವಾಯಿತು.

"ಹದಿನೈದಾ? ಹನ್ನೊಂದು ತಾನೇ ಇರ್ಬೇಕಾಗಿದ್ದು!" ಎಂದಳು. ಅಂದವಳೇ ಬಾಯಿಗೆ ಏಪ್ರನ್ನು ಒತ್ತಿಕೊಂಡಳು.

"ಹನ್ನೊಂದು ಯಾಕೆ?" ಎಂದೆ ನಾನು.

ಹೊರಗೆ ಬಂತು ನೋಡಿ. ಎಲ್ಪಿದಾಳ ಮನೆಯ ಸುದ್ದಿ ಮರುದಿನವೇ ಅವಳ ಕಿವಿಗೆ ಬಿದ್ದಿತ್ತು. "ನಾಣ್ಯ ವಾಪಸ್ ಇಸ್ಕೊಂಡು ಬರೋಣ ಅಂತಾನೇ ಹೋದೆ ಅತ್ತಿಗೆ, ಬೈಗುಳ ಎಲ್ಲಾ ದಾರೀಲೇ ಜೋಡಿಸ್ಕೊಂಡು. ಆ ಕೂಸು ಮುಂಡೇದು ನನ್ನ ನೋಡಿ ನಕ್ಕುಬಿಡ್ತು. ಆಮೇಲೆ ಜುಲೈನಲ್ಲಿ ಆರ್ತಾ ಊರಿನ ಆಸ್ಪತ್ರೇಲಿ ನನ್ನ ತಂಗಿ ಮಗಳಿಗೆ ಅವಳಿ ಹುಟ್ಟಿದ್ವಲ್ಲ, ಎರಡು ತಗೊಂಡು ಹೋದೆ. ಪಕ್ಕದ ಮಂಚಗಳಲ್ಲಿ ಇನ್ನೂ ಮೂರು ಕೂಸು. ಅವುಗಳ ತಾಯಂದಿರು ನೋಡ್ತಾ ಇದ್ರು! ಮರುದಿನ ಇನ್ನೂ ಮೂರು ತಗೊಂಡು ಮತ್ತೆ ಬಸ್ಸು ಹತ್ತಿದೆ."

"ಯಾರದೋ ಮಕ್ಕಳಿಗಾ?" ಎಂದ ಲಾಂಬ್ರೋಸ್.

"ಯಾರದೋ ಮಕ್ಕಳಿಗೆ." ಅವಳು ಅವನ ಕಡೆ ತಿರುಗಿದಳು. "ನೀನು ಕೊಟ್ಟಿದ್ದು ನಾಲ್ಕು ಅಂತ ಗೊತ್ತಿತ್ತು. ಈಗ ಈ ಹೆಚ್ಚಿನ ನಾಲ್ಕು ಎಲ್ಲಿಂದ ಬಂದ್ವು?"

ನಾನೇ ಹೇಳಿದೆ, ಎರಡು ತಿಂಗಳು ನೀರು ಕುಡಿದ ಕಥೆಯನ್ನು. ಕೇಳುತ್ತಾ ಕೇಳುತ್ತಾ ವಾಸಿಲೊಗೆ ನಗು ಬಂತು, ಅದರ ಹಿಂದೆಯೇ ಅಳು. ಅವನಿಗೂ ಅಷ್ಟೇ. ನಾನು ಕಡುಬನ್ನು ಒಲೆಯಿಂದ ಇಳಿಸಿದೆ. ಅದು ನಿಜವಾಗಿಯೂ ಸೀದಿತ್ತು.

"ಒಂಬತ್ತು ಮಕ್ಕಳು, ಲಾಂಬ್ರೋ," ಎಂದಳು ವಾಸಿಲೊ ಕಣ್ಣೊರೆಸಿಕೊಂಡು. ನಲವತ್ತು ವರ್ಷದಲ್ಲಿ ಆ ಮನೆಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

"ಒಂಬತ್ತು," ಎಂದ ಅವನು. ಆಮೇಲೆ ಜೇಬಿನಿಂದ ಬ್ಯಾಂಕಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. "ತಗೋ. ಮಾತು ಅಂದ್ರೆ ಮಾತು."

ಅವಳು ಅದನ್ನು ಅವನ ಕಡೆಗೇ ತಳ್ಳಿದಳು.

"ಇಟ್ಕೊ. ನಾಳೆ ಹೋಗಿ ಆ ಮರದ ವ್ಯಾಪಾರಿಗೆ ಬರೋಕೆ ಹೇಳು. ಹದಿನೈದು ನಮಗೆ ಎಲ್ಲಿ ಸಾಲುತ್ತೆ?"