ಸೊಟ್ಟಗಾಗದ ಗೆರೆ

ಗಂಡ ಕುಡಿದು ಬಂದನೆಂದು ಹೆಮ್ಮೆಪಡುವ ಹೆಂಡತಿಯನ್ನು ಎಲ್ಲಾದರೂ ಕಂಡಿದ್ದೀರಾ? ಈ ಮನೆಯ ಸೊಸೆ ಅಂಥವಳು. ಹಾಗಂತ ಪೆದ್ದಿಯೇನಲ್ಲ, ಶಾಲೆಯಲ್ಲಿ ನಾಲ್ಕು ಜನಕ್ಕೆ ಪಾಠ ಹೇಳುವವಳು.

ಭಾನುವಾರ ಸಂಜೆ ಕಂಟ್ರಾಕ್ಟರನ ಮನೆಯ ಪಾರ್ಟಿಯಿಂದ ಬಂದವಳೇ ಶುರು ಮಾಡಿದಳು. "ಅತ್ತೆ, ನೀವು ನೋಡ್ಬೇಕಿತ್ತು! ಕಂಟ್ರಾಕ್ಟರ್ ಸೋಫಾ ಮೇಲೇ ಮಲಗಿಬಿಟ್ರು. ಎಲೆಕ್ಟ್ರಿಷಿಯನ್ ಚಪ್ಪಲಿಗಳ ಮಧ್ಯೆ ಕೂತ್ಕೊಂಡು ಗೊಳೋ ಅಂತ ಅಳ್ತಿದ್ದ. ಇವರು ಅವರಿಬ್ಬರಿಗಿಂತ ಜಾಸ್ತಿ ಕುಡಿದ್ರೂ ಕಂಬದ ಹಾಗೆ ನಿಂತಿದ್ರು. ಅವರನ್ನೆಲ್ಲ ಎತ್ತಿ ಸರಿಮಾಡಿದ್ದೂ ಇವರೇ."

ಅತ್ತೆಗೆ ಇದು ಹೆಮ್ಮೆಯ ಮಾತಾಗಿ ಕೇಳಿಸಲಿಲ್ಲ. ಅಳುತ್ತಾ ಕೂತ ಎಲೆಕ್ಟ್ರಿಷಿಯನ್ನನ ಹೆಂಡತಿ ಪುಣ್ಯವಂತೆ ಅನ್ನಿಸಿತು.

ಮಗ ಬೋರ್ಡ್ ಬರೆಯುವ ಪೇಂಟರ್. ಅಪ್ಪನದೇ ಕಸುಬು, ಅಪ್ಪನದೇ ಅಂಗಡಿ. ಕೈ ಕಾಲು ತೊಳೆದು ಬಂದವನು ಅಡುಗೆಮನೆ ಬಾಗಿಲ ಪಕ್ಕದ ಕರಿಹಲಗೆಯ ಮುಂದೆ ನಿಂತ. ಸೊಸೆ ಸೀಮೆಸುಣ್ಣದಲ್ಲಿ ಈ ತುದಿಗೊಂದು ಆ ತುದಿಗೊಂದು ಚುಕ್ಕೆ ಇಟ್ಟಳು. ಅವನು ಒಂದೇ ಉಸಿರಿಗೆ ಎಳೆದ ಗೆರೆ ಸ್ಕೇಲ್ ಇಟ್ಟ ಹಾಗಿತ್ತು. "ಪಾಸ್!" ಎಂದು ಸೊಸೆ ಚಪ್ಪಾಳೆ ತಟ್ಟಿದಳು.

ಈ ಪರೀಕ್ಷೆಯನ್ನು ಸೊಸೆಗೆ ಕಲಿಸಿಕೊಟ್ಟವರು ಯಾರು ಅಂತೀರಿ? ಸಾಕ್ಷಾತ್ ಅತ್ತೆಯೇ. ಮದುವೆಯಾದ ಹೊಸದರಲ್ಲಿ, ಮಾವನ ದೊಡ್ಡಸ್ತಿಕೆ ಹೇಳುವ ಉತ್ಸಾಹದಲ್ಲಿ, "ನಿಮ್ಮ ಮಾವ ದಿನಾ ಸಂಜೆ ಗೆರೆ ಎಳೆದು ತೋರಿಸೋರು ಕಣೇ, ಕುಡಿದಿದ್ರೂ ಒಂದು ದಿನವೂ ಸೊಟ್ಟಗಾಗಲಿಲ್ಲ" ಎಂದಿದ್ದಳು. ಅದು ನಿಜವೇ. ಆದರೆ ಅರ್ಧ ನಿಜ.

ಉಳಿದರ್ಧ ಅವಳೊಬ್ಬಳ ಹೊಟ್ಟೆಯಲ್ಲಿತ್ತು. ಆ ಮನುಷ್ಯ ಎಷ್ಟು ಕುಡಿದರೂ ತೂರಾಡುತ್ತಿರಲಿಲ್ಲ, ನಾಲಿಗೆ ತೊದಲುತ್ತಿರಲಿಲ್ಲ. ಇವಳು ಗೆರೆ ನೋಡುವಳು, ಸಮಾಧಾನಪಡುವಳು. ನಲವತ್ತು ಹತ್ತಿರ ಬಂದಾಗ ಬೆಳಗಿನ ಕಾಫಿ ಲೋಟ ಅವನ ಕೈಯಲ್ಲಿ ಗಡಗಡ ಅನ್ನತೊಡಗಿತು. ಎರಡು ಗುಟುಕು ಬಿದ್ದ ಮೇಲೇ ಬ್ರಷ್ ನಿಲ್ಲುತ್ತಿತ್ತು. ಕೊನೆಗೆ ಹೊಟ್ಟೆ ಊದಿ ಹೋದ. ಆಗ ಮಗನಿಗೆ ಏನೂ ತಿಳಿಯದ ವಯಸ್ಸು. ಕಾಮಾಲೆ ಅಂತ ಹೇಳಿ ಬಾಯಿಗೆ ಬೀಗ ಹಾಕಿಕೊಂಡಳು. ಊರೂ ನಂಬಿತು, ಮಗನೂ ನಂಬಿದ. ಈಗ ಮಗನಿಗೂ ನಲವತ್ತು ಹತ್ತಿರ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಎಷ್ಟು ದಿನ ಓಡಾಡುವುದು?

ಮರುದಿನ ಮಂಡಿ ನೋವಿನ ನೆಪ ಮಾಡಿಕೊಂಡು ಡಾಕ್ಟರಮ್ಮನ ಹತ್ತಿರ ಹೋದಳು. "ಅಪ್ಪನ ಕುಡಿತ ಮಗನಿಗೆ ಬರುತ್ತಾ ತಾಯಿ?" ಎಂದು ಕೇಳಿದಳು.

"ಕುಡಿತ ಬರಲ್ಲಮ್ಮ, ಅದಕ್ಕೆ ಸಿಕ್ಕಿಬೀಳೋ ಗುಣ ಸ್ವಲ್ಪ ಬರುತ್ತೆ," ಎಂದರು ಡಾಕ್ಟರಮ್ಮ. "ಹುಡುಗುವಯಸ್ಸಲ್ಲಿ ಸ್ನೇಹಿತರ ಮಾತು ನಡೆಯುತ್ತೆ, ವಯಸ್ಸಾಗ್ತಾ ಆಗ್ತಾ ರಕ್ತದ ಮಾತೂ ನಡೆಯಬಹುದು. ಹಾಗಂತ ಹಣೆಬರಹ ಅಲ್ಲ. ಎಷ್ಟೋ ಜನಕ್ಕೆ ಏನೂ ಆಗಲ್ಲ."

"ನನ್ನ ಮಗನಿಗೆ ಎಷ್ಟು ಕುಡಿದರೂ ಏರಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಅದು ಒಳ್ಳೇದು ಅಂದ್ಕೊಂಡಿದೀರಾ? ಬೇರೆಯವರಿಗೆ ಸಾಕು ಅಂತ ಮೈಯೇ ಹೇಳುತ್ತೆ. ಇಂಥವರಿಗೆ ಹೇಳಲ್ಲ, ಅದಕ್ಕೇ ಇವರಿಗೆ ಅಪಾಯ ಜಾಸ್ತಿ. ಕರ್ಕೊಂಡು ಬನ್ನಿ. ನೀವಾಗೇ ದಿಢೀರಂತ ಬಿಡಿಸೋಕೆ ಹೋಗ್ಬೇಡಿ, ಅದೂ ಅಪಾಯ."

ಮನೆಗೆ ಬಂದಳು. ಹೇಳಿದರೆ ಅಪ್ಪನ ಮಾನ ಹೋಗುತ್ತೆ, ಹೇಳದಿದ್ದರೆ ಮಗನೇ ಹೋಗುತ್ತಾನೆ. ಇದರಲ್ಲಿ ಯೋಚನೆ ಮಾಡುವುದೇನಿದೆ? ಆದರೂ ಸಂಜೆಯವರೆಗೆ ಮಾಡಿದಳು, ಒಲೆ ಮೇಲಿಟ್ಟ ಹಾಲೂ ಉಕ್ಕಿ ಹೋಯಿತು.

ಮಗ ಅಂಗಡಿಯಿಂದ ಬಂದ. ಸೊಸೆ ನಗುನಗುತ್ತಾ ಚುಕ್ಕೆ ಇಟ್ಟಳು, ಅವನು ಗೆರೆ ಎಳೆದ. ಅತ್ತೆ ಬಂದವಳೇ ಸೆರಗಿನಿಂದ ಗೆರೆಯನ್ನು ಒರೆಸಿಬಿಟ್ಟಳು.

"ನಿಮ್ಮಪ್ಪ ಕುಡಿದು ಸತ್ತರು ಕಣೋ."

ಅವನು ನಕ್ಕ. ಅಮ್ಮ ನಗಲಿಲ್ಲ. "ಏನಮ್ಮ ನೀನು? ಅಪ್ಪ ಒಂದು ದಿನ ತೂರಾಡಿದ್ದು ಯಾರಾದ್ರೂ ನೋಡಿದಾರಾ? ಸತ್ತವರ ಮೇಲೆ ಯಾಕೆ ಇಲ್ಲದ್ದು ಹೊರಿಸ್ತೀಯ?"

"ತೂರಾಡಲಿಲ್ಲ. ಅದೇ ಅವರನ್ನ ತಿಂದದ್ದು. ಕಾಮಾಲೆ ಅಂತ ಹೇಳಿದ್ದು ನಾನು. ಈ ಹಾಳು ಗೆರೆ ನೋಡಿ ಮೋಸ ಹೋದವಳೂ ನಾನು. ಈಗ ಇವಳೂ ಮೋಸ ಹೋಗ್ತಿದಾಳೆ. ನಿನ್ನ ಕರ್ಕೊಂಡು ಬಾ ಅಂದಿದಾರೆ ಡಾಕ್ಟರಮ್ಮ."

ಸೊಸೆಯ ಕೈಯಲ್ಲಿ ಸೀಮೆಸುಣ್ಣ ಹಾಗೇ ಉಳಿಯಿತು. ಮಗ ಸಿಡಿದೆದ್ದ. "ನಾನೇನು ಕುಡುಕನಾ? ದುಡೀತಿಲ್ವಾ? ಮನೆ ನಡೆಸ್ತಿಲ್ವಾ? ಬಿಡು ಅಂದ್ರೆ ಬಿಡ್ತೀನಿ, ಅದೇನು ಮಹಾ?"

"ಹಾಗಾದ್ರೆ ನಾಳೆ ಡಾಕ್ಟರಮ್ಮನ ಹತ್ರ ಹೋಗಿ ಕೇಳ್ಕೊಂಡು ಬಿಡಿ," ಎಂದಳು ಸೊಸೆ, ಮೆತ್ತಗೆ.

"ನಾಳೆ ಆಗಲ್ಲ. ಆ ದೊಡ್ಡ ಬೋರ್ಡು ಮುಗೀಲಿ."

"ಬೋರ್ಡಿಗೂ ಇದಕ್ಕೂ ಏನು ಸಂಬಂಧ ರೀ?"

"ಬೆಳಗ್ಗೆ ಅಕ್ಷರ ಬರೀಬೇಕಲ್ಲ..." ಎಂದವನು ಅಲ್ಲಿಗೇ ನಿಲ್ಲಿಸಿದ.

ನಿಲ್ಲಿಸಿದ್ದು ತಡವಾಗಿತ್ತು. ಅಮ್ಮನಿಗೆ ಅರ್ಥವಾಯಿತು. ಸಂಜೆಯ ಗೆರೆಯನ್ನು ಕಾಯುತ್ತಾ ಕೂತಿದ್ದರು ಅತ್ತೆ ಸೊಸೆ ಇಬ್ಬರೂ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ಏನು ನಡೆಯುತ್ತೆ ಅಂತ ಯಾರು ನೋಡಿದ್ದರು? ಬರುತ್ತೇನೋ ಎಂದು ಅವಳು ಹೆದರಿದ್ದು ಆಗಲೇ ಬಂದು ಕೂತಿತ್ತು.

ಮಗ ಕುಸಿದು ಕುರ್ಚಿಯಲ್ಲಿ ಕೂತ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಿಟ್ಟೆಲ್ಲ ಇಳಿದು ಹೋಗಿ ಮುಖ ಸಣ್ಣದಾಗಿತ್ತು.

"ಅಮ್ಮಾ, ಬೆಳಗ್ಗೆ ಕೈ ನಡುಗೋಕೆ ಶುರುವಾದ ಮೇಲೆ ಅಪ್ಪ ಎಷ್ಟು ವರ್ಷ ಇದ್ರು?"

ಅವಳು ದಿನವಿಡೀ ನೂರು ಮಾತು ಸಿದ್ಧ ಮಾಡಿಕೊಂಡಿದ್ದಳು. ಇದಕ್ಕೆ ಮಾತ್ರ ಮಾಡಿಕೊಂಡಿರಲಿಲ್ಲ. ಲೆಕ್ಕ ಗೊತ್ತಿತ್ತು, ಅದನ್ನು ಹೇಳಲಿಲ್ಲ.

"ಅವರು ಯಾರ ಹತ್ರಾನೂ ಬಾಯಿ ಬಿಡಲಿಲ್ಲ ಮಗಾ," ಎಂದಳು. "ನೀನು ಬಿಟ್ಟಿದ್ದೀಯ. ಏಳು, ಡಾಕ್ಟರಮ್ಮ ಇನ್ನೂ ಕೂತಿರ್ತಾರೆ. ನಾಳೆ ಗೀಳೆ ಬೇಡ."

ಅವನು ಏಳಲಿಲ್ಲ. ಸೊಸೆ ಬಾಗಿಲು ತೆಗೆದು ಹಿಡಿದು ನಿಂತಳು. ಅಮ್ಮ ಅವನ ತೋಳು ಹಿಡಿದು ಎಳೆದಳು. ಮತ್ತೆ ಎಳೆದಳು.